ಸಲ್ಲಿಸದವರ ಪಟ್ಟಿ

ಬೆಳಗಿನ ಎಂಟೂವರೆಗೆ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಒಂದು ಕಂಬಕ್ಕೆ ಒರಗಿ ನಿಂತುಕೊಳ್ಳಿ. ಹನೂರು, ರಾಮಾಪುರದ ಕಡೆಯ ಬಸ್ಸು ಪೂರಾ ನಿಲ್ಲುವ ಮುಂಚೆಯೇ ಬಾಗಿಲಲ್ಲಿ ಜೋತುಬಿದ್ದಿದ್ದ ಹುಡುಗರು ಧುಮುಕುತ್ತಾರೆ. ಅವರ ಹಿಂದೆ ಹಸಿಮೆಣಸಿನಕಾಯಿಯ ಚೀಲ, ಅದರ ಹಿಂದೆ ಚೀಲದ ಒಡತಿ. ಯಳಂದೂರಿನ ಬಸ್ಸಿನಿಂದ ಇಳಿಯುವ ಹೆಣ್ಣುಮಕ್ಕಳ ಜಡೆಯಲ್ಲಿ ಆಗತಾನೆ ಮುಡಿದ ಕನಕಾಂಬರ. ಹೋಟೆಲಿನ ಒಗ್ಗರಣೆಯ ಘಾಟು, ಡೀಸೆಲ್ ಹೊಗೆ, ಹೂ ಮಾರುವವರ ಬುಟ್ಟಿಯ ಒದ್ದೆ ಬಟ್ಟೆಯ ವಾಸನೆ, ಮಾದಪ್ಪನ ಬೆಟ್ಟಕ್ಕೆ ಹೊರಟ ಬಸ್ಸಿನ ಕಂಡಕ್ಟರು ಒಂದೇ ಉಸಿರಿನಲ್ಲಿ ‘ಬೆಟ್ಟ ಬೆಟ್ಟ ಬೆಟ್ಟ’ ಎಂದು ಕೂಗುವ ದನಿ. ಇದೆಲ್ಲದರ ನಡುವೆ ಕಿವಿಗೊಟ್ಟರೆ ಇನ್ನೊಂದು ಸದ್ದೂ ಕೇಳುತ್ತದೆ. ಇಳಿದವರ ಜೇಬಿನಲ್ಲಿ, ಬ್ಯಾಗಿನಲ್ಲಿ ಫೋನುಗಳು ಒಂದಾದ ಮೇಲೊಂದು ಟಿಣ್ ಟಿಣ್ ಎನ್ನುತ್ತಿರುತ್ತವೆ. ಕಾಡಂಚಿನ ಊರುಗಳಲ್ಲಿ ರಾತ್ರಿಯೆಲ್ಲ ಸಿಗ್ನಲ್ ಇಲ್ಲದೆ ತಡೆದು ನಿಂತಿದ್ದ ಸಂದೇಶಗಳೆಲ್ಲ ಪೇಟೆ ಸಿಕ್ಕಿದ ಕೂಡಲೇ ಹೀಗೆ ಒಟ್ಟಿಗೆ ಬಂದಿಳಿಯುತ್ತವೆ.

ಅಗೋ, ಸಿಮೆಂಟು ಬೆಂಚಿನ ತುದಿಯಲ್ಲಿ ಒಬ್ಬಳು ಹುಡುಗಿ ನೋಟುಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಕೊಂಡು ಕೂತಿದ್ದಾಳೆ. ಒಂದು ಕೈಯಲ್ಲಿ ಹಾಳೆ ಹಾರದಂತೆ ಅದುಮಿ, ಇನ್ನೊಂದರಲ್ಲಿ ಫೋನು ಎತ್ತಿ ಹಿಡಿದು, ಒಂದೊಂದೇ ಪುಟದ ಫೋಟೊ ತೆಗೆಯುತ್ತಿದ್ದಾಳೆ. ಅವಳ ಕೈಯ ನೆರಳೇ ಅಕ್ಷರಗಳ ಮೇಲೆ ಬೀಳುತ್ತದೆ. ತಿರುಗಿ ಕೂರುತ್ತಾಳೆ, ಆಗ ಬಿಸಿಲು ಹಾಳೆಗೆ ಬಡಿದು ಶಾಯಿ ಹೊಳೆದುಬಿಡುತ್ತದೆ. ಗೆಳತಿ ಬಂದು ದುಪಟ್ಟಾ ಎತ್ತಿ ಮರೆ ಹಿಡಿಯುತ್ತಾಳೆ. ಆರು ಪುಟ. ಕೊನೆಗೆ ಗುಂಡಿ ಒತ್ತಿದ ಮೇಲೆ ಪರದೆಯ ಮೇಲೊಂದು ಚಿಕ್ಕ ವೃತ್ತ ಸುತ್ತತೊಡಗುತ್ತದೆ. ಸುತ್ತುತ್ತಲೇ ಇರುತ್ತದೆ. ಇಬ್ಬರೂ ಅದನ್ನೇ ನೋಡುತ್ತ ನಿಲ್ದಾಣ ದಾಟಿ, ದೇವಾಂಗ ಬೀದಿಯ ಮಗ್ಗದ ಸದ್ದಿನತ್ತ ಕಿವಿಯೂ ಕೊಡದೆ, ಕಾಲೇಜಿನ ದಾರಿ ಹಿಡಿಯುತ್ತಾರೆ.

ನಾವೂ ಅವರ ಹಿಂದೆಯೇ ಹೋಗೋಣ. ಅದೇ ಹೊತ್ತಿಗೆ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಅರ್ಥಶಾಸ್ತ್ರದ ಮೇಡಂ ಒಬ್ಬರು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಗೋಡೆಯುದ್ದಕ್ಕೂ ಕಬ್ಬಿಣದ ಬೀರುಗಳು, ಬೀರುಗಳ ಮೇಲೆ ಹಳೆಯ ಅಸೈನ್‌ಮೆಂಟುಗಳ ಕಟ್ಟು, ಟ್ವೈನ್ ದಾರ, ಧೂಳು. ಆ ಕಟ್ಟುಗಳ ಕಾಲದಲ್ಲಿ ಲೆಕ್ಕ ಸುಲಭವಿತ್ತು. ತರಗತಿ ಮುಗಿದ ಮೇಲೆ ಮೇಜಿನ ಮೇಲೆ ಬಿದ್ದ ಪುಸ್ತಕಗಳನ್ನು ಎಣಿಸಿದರೆ ಆಯಿತು. ಕೊಡದವನು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದ, ಮುಖ ನೋಡಿದರೆ ಕಾರಣವೂ ಅರ್ಧ ತಿಳಿಯುತ್ತಿತ್ತು. ಈಗ ಮೇಡಂ ಗೂಗಲ್ ಕ್ಲಾಸ್‌ರೂಮ್ ತೆರೆದರೆ ಮೇಲ್ಗಡೆ ದೊಡ್ಡ ಅಂಕಿಗಳು ಕಾಣುತ್ತವೆ. ಒಪ್ಪಿಸಿದವರು ಇಷ್ಟು, ಕೆಲಸ ಕೊಟ್ಟೂ ಬಾಕಿ ಉಳಿದವರು ಇಷ್ಟು, ಅಂಕ ಬಿದ್ದವರು ಇಷ್ಟು. ಕೆಳಗೆ ಹೆಸರುಗಳ ಸಾಲು. ಗಡುವು ಮೀರಿದವರ ಹೆಸರಿನ ಪಕ್ಕದಲ್ಲಿ ಕೆಂಪಕ್ಷರದಲ್ಲಿ ‘ಮಿಸ್ಸಿಂಗ್’. ಗಡುವು ಹಿಂದಿನ ರಾತ್ರಿ 11.59ಕ್ಕೆ ಮುಗಿದಿದೆ. ಬೆಂಚಿನ ಹುಡುಗಿಯ ಹೆಸರೂ ಕೆಂಪಿನಲ್ಲೇ ಇದೆ. ಮೇಡಂ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಒಂದು ಗುಟುಕು ಕುಡಿಯುವಷ್ಟರಲ್ಲಿ ಆ ಕೆಂಪು ಅಳಿದು, ‘ತಡವಾಗಿ ಸಲ್ಲಿಕೆ’ ಎಂಬ ಷರಾ ಬೀಳುತ್ತದೆ. ವೃತ್ತ ಸುತ್ತುವುದು ಮುಗಿಯಿತು ಅಂತ ಕಾಣುತ್ತದೆ.

“ನೋಡಿ, ಇವಳು ನಿನ್ನೆ ಸಂಜೆಯೇ ಬರೆದು ಮುಗಿಸಿರುತ್ತಾಳೆ. ನನಗೆ ಗೊತ್ತು” ಎನ್ನುತ್ತಾರೆ ಮೇಡಂ. “ಆದರೆ ಇದಕ್ಕೆ ಗೊತ್ತಿಲ್ಲ.” ಕಂಪ್ಯೂಟರಿನ ಕಡೆಗೊಮ್ಮೆ ಗಲ್ಲ ತೋರಿಸಿ ನಗುತ್ತಾರೆ.

ಅವರು ಪಟ್ಟಿ ಓದುವ ಕ್ರಮವನ್ನು ಪಕ್ಕದ ಕುರ್ಚಿಯಲ್ಲಿ ಕೂತು ನೋಡುವುದೇ ಚೆಂದ. ಅಕಾರಾದಿಯಾಗಿ ಮೇಲಿನಿಂದ ಕೆಳಕ್ಕೆ ಇಳಿಯುವವರಲ್ಲ ಅವರು. ಸಲ್ಲಿಸಿದವರನ್ನು ಮೊದಲು ಬದಿಗಿಡುತ್ತಾರೆ. ಅವರ ಪುಸ್ತಕ ನೋಡುವ ಕೆಲಸ ಮಧ್ಯಾಹ್ನಕ್ಕೆ. ಉಳಿದವರನ್ನು ಒಬ್ಬೊಬ್ಬರನ್ನಾಗಿ ತೆರೆಯುತ್ತಾರೆ. ತರಗತಿಗೆ ಒಂದು ಖಾಲಿ ನಮೂನೆಯನ್ನು ಕೊಟ್ಟು, ಪ್ರತಿಯೊಬ್ಬರಿಗೂ ಅದರದೊಂದು ಪ್ರತಿ ಹೋಗುವಂತೆ ಮಾಡಿಟ್ಟಿರುವುದರಿಂದ, ಸಲ್ಲಿಸದಿದ್ದರೂ ಒಳಗೆ ಏನು ನಡೆದಿದೆ ಎಂದು ಇಣುಕಬಹುದು. ಒಬ್ಬ ಫೈಲನ್ನು ಮುಟ್ಟಿಯೇ ಇಲ್ಲ. ಒಬ್ಬಳು ‘ನಮ್ಮ ಮನೆಯ ಒಂದು ತಿಂಗಳ ಖರ್ಚು’ ಎಂದು ತಲೆಬರಹ ಹಾಕಿ, ಅಕ್ಕಿ, ಎಣ್ಣೆ, ಗ್ಯಾಸು ಎಂದು ಮೂರು ಸಾಲು ಬರೆದು, ‘ಸಾಲದ ಕಂತು’ ಎಂಬಲ್ಲಿಗೆ ನಿಲ್ಲಿಸಿದ್ದಾಳೆ. ಇನ್ನೊಬ್ಬ ಭರ್ತಿ ಬರೆದಿದ್ದಾನೆ, ಆದರೆ ಒಪ್ಪಿಸುವ ಗುಂಡಿ ಒತ್ತಿಲ್ಲ. ಮತ್ತೊಬ್ಬ ಭೂಪ ಏನೂ ಬರೆಯದೆ ಒಪ್ಪಿಸುವ ಗುಂಡಿಯನ್ನು ಮಾತ್ರ ಒತ್ತಿ, ಒಪ್ಪಿಸಿದವರ ಸಾಲಿನಲ್ಲಿ ಹೋಗಿ ನಿಂತುಬಿಟ್ಟಿದ್ದಾನೆ. ಬರೀ ಅಂಕಿಯನ್ನೇ ನಂಬಿಕೊಂಡಿದ್ದರೆ ಇವನು ಒಳ್ಳೆಯ ಹುಡುಗ, ಬರೆದೂ ಒತ್ತದವನು ಸೋಮಾರಿ. ಸಾಲದ ಕಂತಿನ ಹತ್ತಿರ ನಿಂತವಳ ಬಗ್ಗೆ ಮೇಡಂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಒಂದು ಚೀಟಿಯಲ್ಲಿ ಅವಳ ನಂಬರು ಬರೆದುಕೊಂಡರು.

ಹೆಸರಲ್ಲ, ನಂಬರು. ಅದಕ್ಕೂ ಕಾರಣವಿದೆ. ಈ ಸೀಮೆಯ ಯಾವ ತರಗತಿಯನ್ನು ತೆಗೆದುಕೊಂಡರೂ ಮಹದೇವಸ್ವಾಮಿ, ಮಾದೇಶ, ಮಹದೇವ, ಮಾದೇವಿ, ಮಹದೇವಮ್ಮ ಇದ್ದೇ ಇರುತ್ತಾರೆ. ಏಳುಮಲೆಯ ಮಾದಪ್ಪನ ಒಕ್ಕಲು ಹೆಚ್ಚು. ಉಳಿದ ಜಾಗವನ್ನು ಸಿದ್ದರಾಜು, ರಂಗಸ್ವಾಮಿ, ರಾಚಪ್ಪ ತುಂಬುತ್ತಾರೆ. ಇದರ ಮೇಲೆ ಫೋನಿನ ಖಾತೆಗಳ ಹೆಸರುಗಳು ಬೇರೆ. ‘ಅಪ್ಪು ಫ್ಯಾನ್’ ಎಂಬ ಖಾತೆಯಿಂದ ಬಂದ ಉತ್ತರ ಯಾವ ಮಾದೇಶನದು? ಖಾತೆ ಅಣ್ಣನದು, ಅಕ್ಷರ ತಂಗಿಯದು, ಫೋನು ಅಪ್ಪನದು. ಹಾಗಾಗಿ ಗೂಗಲ್ ಫಾರ್ಮ್ ಕಳಿಸುವಾಗ ಮೊದಲ ಪ್ರಶ್ನೆಯೇ ನೋಂದಣಿ ಸಂಖ್ಯೆ; ಉತ್ತರಗಳು ಹೋಗಿ ಕೂರುವ ಹಾಳೆಯಲ್ಲಿ ದಿನಾಂಕ, ಗಂಟೆ, ನಿಮಿಷ, ಸೆಕೆಂಡು ತಾನಾಗಿಯೇ ಬೀಳುತ್ತವೆ. ಪಕ್ಕದಲ್ಲಿ ತರಗತಿಯ ಪೂರ್ಣ ಪಟ್ಟಿ ಇಟ್ಟು ಒಂದು ಸೂತ್ರ ಬರೆದರೆ ಯಾರ ಸಂಖ್ಯೆ ಬಂದಿಲ್ಲವೋ ಅವರ ಚೌಕ ಹಳದಿಯಾಗುತ್ತದೆ. ಶಾಲೆಗಳಲ್ಲಾದರೆ ಇದೇ ಕೆಲಸಕ್ಕೆ ಎಸ್‌ಎಟಿಎಸ್ ಸಂಖ್ಯೆ ಇದೆ. ಒಂದನೇ ತರಗತಿಗೆ ಸೇರಿದ ಮಗುವಿಗೆ ಕೊಟ್ಟ ಆ ಸಂಖ್ಯೆ ಶಾಲೆ ಬದಲಾದರೂ ಜೊತೆಗೇ ಹೋಗುತ್ತದೆ.

ಸರ್ಕಾರವೂ ಈ ಕಡೆ ಕೈಹಾಕದೆ ಇಲ್ಲ. 2021ರಲ್ಲಿ ರಾಜ್ಯದ 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜು, 87 ಪಾಲಿಟೆಕ್ನಿಕ್, 14 ಎಂಜಿನಿಯರಿಂಗ್ ಕಾಲೇಜುಗಳಿಗೆಂದು ಕಲಿಕಾ ನಿರ್ವಹಣಾ ವ್ಯವಸ್ಥೆ, ಎಲ್ಲರ ಬಾಯಲ್ಲಿ ಎಲ್‌ಎಂಎಸ್, ಬಂತು. ಪಾಠದ ವಿಡಿಯೊ, ಪ್ರಶ್ನೆ, ಅಸೈನ್‌ಮೆಂಟು ಎಲ್ಲವೂ ಒಂದೇ ಕಡೆ. ಆ ವರ್ಷದ ಜೂನ್‌ನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚುವ ಕಾರ್ಯಕ್ರಮವೂ ಶುರುವಾಯಿತು. ಮೇಡಂ ಅವರನ್ನು ಆ ಟ್ಯಾಬುಗಳ ಕತೆ ಕೇಳಿದರೆ ನಗುತ್ತಾರೆ. ಕೆಲವು ಇನ್ನೂ ಓದಿಗಿವೆ, ಕೆಲವು ಮನೆಯ ಪುಟ್ಟ ಮಕ್ಕಳ ಕೈ ಸೇರಿವೆ.

ಅಷ್ಟರಲ್ಲಿ ಬಾಗಿಲಲ್ಲಿ ಬರೆದೂ ಒತ್ತದ ಹುಡುಗ ನಿಂತಿದ್ದಾನೆ. ಹೇಳಿ ಕಳಿಸಿದ್ದರು.

“ಯಾಕಪ್ಪ, ಎಲ್ಲಾ ಬರೆದಿದ್ದೀಯ, ಕಳಿಸಿಲ್ಲ?”

“ಒತ್ತಿದ್ದೆ ಕನಾ ಮೇಡಂ. ಹೋಗ್ನಿಲ್ಲ.”

“ಹೋಯ್ತೋ ಇಲ್ವೋ ನೋಡಿದ್ಯಾ?”

“ಚಾರ್ಜು ಖಾಲಿ ಆಗೋಯ್ತು ಮೇಡಂ.”

ಮೇಡಂ ಅವನ ಫೋನು ಇಸಕೊಂಡು, ಕೊಠಡಿಯ ವೈಫೈ ಹಾಕಿಕೊಟ್ಟು, ಅಲ್ಲೇ ನಿಂತು ಒತ್ತಿಸಿದರು. ಒಪ್ಪಿಸಿದ ಮೇಲೆ ಏನು ಕಾಣಬೇಕು ಎಂಬುದನ್ನು ತೋರಿಸಿದರು. ಹುಡುಗ ಅದನ್ನು ಇದೇ ಮೊದಲು ನೋಡಿದ ಹಾಗಿತ್ತು. ಫೋನಿನಲ್ಲಿ ಸಿನಿಮಾ ಹಾಡು ಕ್ಷಣದಲ್ಲಿ ಹುಡುಕುವ ಹುಡುಗರಿಗೆ ಇದನ್ನು ಹೇಳಿಕೊಡುವುದೇನು ಎಂದು ನಾವು ದೊಡ್ಡವರು ಸುಮ್ಮನಿದ್ದುಬಿಡುತ್ತೇವೆ.

ಹನೂರಿನ ರಸ್ತೆಗೆ ಬಿದ್ದರೆ ಗಾಳಿಯ ವಾಸನೆಯೇ ಬೇರೆ. ಕೊಳ್ಳೇಗಾಲದ ಗದ್ದೆಯ ತಂಪು ಹಿಂದೆ ಸರಿದು, ಹುಣಸೆಮರಗಳ ನೆರಳು, ಮುಸುಕಿನ ಜೋಳದ ಒಣಗಿದ ಗರಿಯ ಸರಸರ, ದೂರದಲ್ಲಿ ನೀಲಿ ಬೆಟ್ಟದ ಸಾಲು. ಹೆಗಲಿಗೆ ಚೀಲ ಹಾಕಿ ಬರಿಗಾಲಲ್ಲಿ ನಡೆಯುವ ಪರುಸೆಯವರು ‘ಉಘೇ ಮಾದಪ್ಪ’ ಎನ್ನುತ್ತ ರಸ್ತೆಯಂಚಿನಲ್ಲಿ ಸಾಗುತ್ತಿರುತ್ತಾರೆ. ಈಚಿನವರೆಗೂ ಕೊಳ್ಳೇಗಾಲ ತಾಲ್ಲೂಕಿನೊಳಗೇ ಇದ್ದು, ಆಮೇಲೆ ತನ್ನದೇ ತಾಲ್ಲೂಕು ಕಟ್ಟಿಕೊಂಡ ಊರು ಹನೂರು. ಇದರಾಚೆಗೆ ಎರಡು ವನ್ಯಧಾಮಗಳು. 2013ರಲ್ಲಿ ಘೋಷಣೆಯಾದ ಮಲೆಮಹದೇಶ್ವರ ವನ್ಯಧಾಮವೊಂದೇ 900 ಚದರ ಕಿಲೋಮೀಟರಿಗೂ ಮಿಗಿಲು. ಅಷ್ಟು ಕಾಡು ಇರುವಲ್ಲಿ ಟವರು ನೆಡುವುದು ಹೇಗೂ ಕಷ್ಟ. ಕೆಲವು ಊರುಗಳಿಗೆ ಕರೆಂಟೇ ಸರಿಯಾಗಿ ತಲುಪಿಲ್ಲ.

ಇಲ್ಲಿಯ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು ತಮ್ಮ ಮೇಜಿನ ಖಾನೆಯಿಂದ ಹಳೆಯ ಉದ್ದ ಪುಸ್ತಕವೊಂದನ್ನು ತೆಗೆದು ತೋರಿಸುತ್ತಾರೆ. ರಟ್ಟು ಕಿತ್ತು ಬಂದಿದೆ, ಅಂಚಿಗೆ ಸಾಂಬಾರಿನ ಕಲೆ. 2020ರ ಪುಸ್ತಕ. ಶಾಲೆಗಳು ಮುಚ್ಚಿದ್ದ ಆ ವರ್ಷದ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾದಾಗ ಒಬ್ಬೊಬ್ಬ ಶಿಕ್ಷಕರಿಗೆ ಇಪ್ಪತ್ತು ಇಪ್ಪತ್ತೈದು ಮಕ್ಕಳನ್ನು ವಹಿಸಿ, ಅವರನ್ನು ಮೂರು ‘ಕಾಲ್ಪನಿಕ ಕೊಠಡಿ’ಗಳಲ್ಲಿ ಕೂರಿಸಲು ಹೇಳಿದ್ದರು. ಯಾವ ಫೋನೂ ಇಲ್ಲದವರದು ಒಂದು, ಮಾತಾಡಲು ಮಾತ್ರ ಆಗುವ ಫೋನಿರುವವರದು ಒಂದು, ಇಂಟರ್‌ನೆಟ್ ಇರುವವರದು ಇನ್ನೊಂದು. ಮೇಷ್ಟ್ರ ಪುಸ್ತಕದಲ್ಲಿ ಮೂರು ಬಣ್ಣದ ಶಾಯಿ. ಮೊದಲ ಕೊಠಡಿಯ ಹೆಸರುಗಳೇ ಪುಟ ತುಂಬಿವೆ. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಯಾರದೋ ಮನೆಯ ಹಜಾರ ಎಲ್ಲವೂ ಆಗ ಶಾಲೆಯಾಗಿದ್ದವು; ಜನ ವಠಾರ ಶಾಲೆ ಎಂದು ಕರೆದರು. ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿ, 2021ರ ಜನವರಿಯಲ್ಲಿ ಮತ್ತೆ ತೆರೆದರು. ಜುಲೈ 19 ಮತ್ತು 22ರಂದು ಎರಡೇ ದಿನಗಳಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದಾಗ, ಯಾವ ಮಗು ವರ್ಷವಿಡೀ ಏನು ಬರೆದಿತ್ತು ಎಂಬುದಕ್ಕೆ ಇಂಥ ಪುಸ್ತಕಗಳೇ ಬಹಳ ಕಡೆ ಉಳಿದಿದ್ದ ಸಾಕ್ಷಿ.

ಆಗಿನಿಂದ ಫೋನುಗಳು ಹೆಚ್ಚಿವೆ. ಆದರೆ ಮನೆಯಲ್ಲಿ ಫೋನಿರುವುದಕ್ಕೂ ಮಗುವಿನ ಕೈಯಲ್ಲಿ ಫೋನಿರುವುದಕ್ಕೂ ಎಷ್ಟು ದೂರ ಎಂಬುದು ಈ ಮೇಷ್ಟ್ರಿಗೆ ಆ ಪುಸ್ತಕದಿಂದಲೇ ಗೊತ್ತಿತ್ತು. ದೇಶದ ಲೆಕ್ಕವೂ ಅದನ್ನೇ ಹೇಳುತ್ತದೆ. 2021ರ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಶೇ 67.6ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಆದರೆ ಅಂಥ ಮನೆಗಳಲ್ಲೂ ಕಾಲು ಭಾಗಕ್ಕಿಂತ ಹೆಚ್ಚು ಮಕ್ಕಳಿಗೆ ಅದು ಓದಿಗೆ ಸಿಗುತ್ತಲೇ ಇರಲಿಲ್ಲ. ಯಾವಾಗ ಬೇಕಾದರೂ ಸಿಗುವುದು ಹೆಚ್ಚುಕಡಿಮೆ ಇನ್ನೊಂದು ಕಾಲು ಭಾಗಕ್ಕೆ. ಮಿಕ್ಕವರಿಗೆ ಸಿಕ್ಕಾಗ ಉಂಟು.

ಈಗ ಮೇಷ್ಟ್ರ ಆನ್‌ಲೈನ್ ಶಾಲೆ ಎಂದರೆ ಹತ್ತನೇ ತರಗತಿಯ ವಾಟ್ಸ್‌ಆ್ಯಪ್ ಗುಂಪು. ಸಂಜೆ ಏಳರಿಂದ ಅದು ಉಸಿರಾಡತೊಡಗುತ್ತದೆ. ಲೆಕ್ಕ ಬಿಡಿಸಿದ ಹಾಳೆಗಳ ಫೋಟೊ ಅಡ್ಡ, ಉದ್ದ, ತಲೆಕೆಳಗು ಬಂದು ಬೀಳುತ್ತವೆ. ಮಧ್ಯೆ ಯಾರೋ ಮಾರಮ್ಮನ ಹಬ್ಬದ ಫೋಟೊ ಹಾಕುತ್ತಾರೆ, ಇನ್ಯಾರೋ ಕೈಮುಗಿಯುತ್ತಾರೆ, ಒಬ್ಬ ತಂದೆ ಟೊಮೆಟೊ ದರ ಕೇಳುತ್ತಾರೆ. ಈ ಸುರಿಮಳೆಯಲ್ಲಿ ಯಾರು ಕೊಟ್ಟರು, ಯಾರು ಕೊಟ್ಟಿಲ್ಲ ಎಂದು ಹೆಕ್ಕುವುದು ಬೆರಳಿಗೂ ಕಣ್ಣಿಗೂ ಸಾಕುಬೇಕಾಗುವ ಕೆಲಸ. ವಾಟ್ಸ್‌ಆ್ಯಪ್ಪಿನಲ್ಲಿ ಪಟ್ಟಿಯಿಲ್ಲ, ಗಡುವಿಲ್ಲ, ಬಾಕಿ ಎಂಬ ಕೆಂಪಕ್ಷರವೂ ಇಲ್ಲ. ಇರುವುದು ಎರಡು ನೀಲಿ ಗೀರು, ಅದೂ ಅಪ್ಪ ನೋಡಿದ್ದಕ್ಕೆ. ಹಾಗಾಗಿ ಮೇಷ್ಟ್ರು ಊಟವಾದ ಮೇಲೆ ಕಾಲು ಚಾಚಿ ಕೂತು, ಒಂದು ಕೈಯಲ್ಲಿ ಫೋನು ಸರಿಸುತ್ತ, ಇನ್ನೊಂದರಲ್ಲಿ ಅಂಥದೇ ಉದ್ದ ಪುಸ್ತಕದಲ್ಲಿ ಗುರುತು ಹಾಕುತ್ತಾರೆ. ಬಂದರೆ ಗೀಟು, ಬಂದೂ ಓದಲಾಗದಿದ್ದರೆ ಸೊನ್ನೆ, ಬರದಿದ್ದರೆ ಖಾಲಿ.

ಆ ಪುಸ್ತಕದಲ್ಲಿ ನನ್ನ ಕಣ್ಣು ನೆಟ್ಟದ್ದು ಬಲತುದಿಯ ಕೊನೆಯ ಅಂಕಣದ ಮೇಲೆ. ಅದಕ್ಕೆ ತಲೆಬರಹವಿಲ್ಲ. ಸಣ್ಣ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ, ಅಲ್ಲೊಂದು ಇಲ್ಲೊಂದು ಮಾತು ಇವೆ. ‘ಅಪ್ಪನ ಫೋನು, ರಾತ್ರಿ 9ರ ಮೇಲೆ.’ ‘ಅಜ್ಜಿ ಮನೆ, ಮಾರ್ಟಳ್ಳಿ.’ ‘ಚಿಕ್ಕಲ್ಲೂರು ಜಾತ್ರೆ.’ ‘ಹುಳ ಹಣ್ಣು.’ ‘ಕೊಡಗು, ಕಾಫಿ ಕುಯ್ಯೋಕೆ.’ ಒಂದು ಹೆಸರಿನ ಮುಂದೆ ಬರೀ ‘ಕೇಳಬೇಕು’ ಎಂದಷ್ಟೇ. ಪುಸ್ತಕ ತಿರುವುತ್ತ ಹೋದರೆ ಪುಷ್ಯದ ಹುಣ್ಣಿಮೆಯ ಆಸುಪಾಸಿನ ಐದು ದಿನ ಅರ್ಧ ತರಗತಿ ಖಾಲಿ. ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ಜಾತ್ರೆ ಬಿಟ್ಟು ಬೀಜಗಣಿತ ಬಿಡಿಸುವವರು ಈ ಸೀಮೆಯಲ್ಲಿ ಕಡಿಮೆ. ಶಿವರಾತ್ರಿ, ಯುಗಾದಿಯ ಅಮಾವಾಸ್ಯೆಗೆ ಬೆಟ್ಟದ ಕಡೆ ಮತ್ತೊಂದಿಷ್ಟು ಖಾಲಿ. ಮೊದಲೆರಡು ವರ್ಷ ಬೈದೆ, ಆಮೇಲೆ ಆ ವಾರಗಳಲ್ಲಿ ಲೆಕ್ಕ ಕೊಡುವುದನ್ನೇ ಬಿಟ್ಟೆ ಎಂದರು ಮೇಷ್ಟ್ರು.

‘ಹುಳ ಹಣ್ಣು’ ಎಂದು ಬರೆದಿದ್ದ ಮನೆ ಶಾಲೆಯಿಂದ ಹತ್ತಿರವೇ ಇತ್ತು. ಸಾಕಾಣಿಕೆ ಮನೆಯ ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟಿದ್ದರು. ಒಳಗೆ ಹೋದರೆ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಸುಣ್ಣದ ಪುಡಿಯ ಕಮಟು. ಸಾವಿರಾರು ಹುಳುಗಳು ಎಲೆ ಮೆಲ್ಲುವ ಸದ್ದು ತಗಡಿನ ಮೇಲೆ ತುಂತುರು ಬಿದ್ದಂತೆ. ಹುಳುಗಳು ನಾಲ್ಕನೇ ಸಲ ಪೊರೆ ಕಳಚಿ ಜ್ವರದಿಂದ ಎದ್ದ ಮೇಲಿನ ಒಂದು ವಾರ ಮನೆಮಂದಿಗೆ ನಿದ್ದೆಯಿಲ್ಲ; ಹೊತ್ತುಹೊತ್ತಿಗೆ ಸೊಪ್ಪು ಬೀಳಲೇಬೇಕು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡಲೇಬೇಕು. ಹತ್ತನೇ ತರಗತಿಯ ಹುಡುಗಿ ತಾಯಿಯ ಜೊತೆ ಅದೇ ಕೆಲಸದಲ್ಲಿದ್ದಳು. ತಟ್ಟೆಯಿಂದ ತಟ್ಟೆಗೆ ಸರಿಯುತ್ತ ಅವಳ ತಾಯಿ, ತಿಂದ ಹುಳುವನ್ನು ನೋಡುತ್ತಿರಲಿಲ್ಲ, ತಿನ್ನದೆ ಉಳಿದ ಎಲೆಯನ್ನು ನೋಡುತ್ತಿದ್ದರು. ಎಲ್ಲಿ ಎಲೆ ಹಾಗೇ ಇದೆಯೋ ಅಲ್ಲಿ ಬಗ್ಗಿ, ಕೈಯಾಡಿಸಿ, ಹುಳುವಿನ ಬಣ್ಣ ನೋಡಿ, ಏನಾಗಿದೆ ಎಂದು ತಿಳಿದುಕೊಳ್ಳುತ್ತಿದ್ದರು. ಮೇಷ್ಟ್ರು ಬಾಗಿಲಲ್ಲೇ ನಿಂತು, “ಯಾವತ್ತು ಮುಗಿಯುತ್ತಮ್ಮ?” ಎಂದಷ್ಟೇ ಕೇಳಿದರು. “ಬುಧವಾರ ಸಾ” ಎಂದಳು ಹುಡುಗಿ. ಪುಸ್ತಕದ ಖಾಲಿ ಚೌಕದೊಳಗೆ ಪೆನ್ಸಿಲಿನಿಂದ ‘ಬುಧ’ ಎಂದು ಬಿತ್ತು.

ಈ ಪೆನ್ಸಿಲಿನ ಅಂಕಣ ಯಾವ ಆ್ಯಪಿನಲ್ಲೂ ನನಗೆ ಕಂಡಿಲ್ಲ. ಆ್ಯಪು ಮಾಡುವವರಿಗೆ ಅದು ಹೊಳೆದಿರಲಿಕ್ಕೂ ಇಲ್ಲ. ಗಂಟೆ, ನಿಮಿಷ, ಎಷ್ಟು ಬಾರಿ ತೆರೆದ, ಎಷ್ಟು ಹೊತ್ತು ಇದ್ದ ಎಂಬುದನ್ನು ಅವು ಬೇಕಾದ್ದಕ್ಕಿಂತ ಚೆನ್ನಾಗಿ ಬರೆದಿಡುತ್ತವೆ. ಅದನ್ನು ಓದುವವರಿಗೆ ಊರು ಗೊತ್ತಿರಬೇಕು. ಕೆಲವು ಗುಂಪುಗಳಲ್ಲಿ ವಾರಕ್ಕೊಮ್ಮೆ ಸಲ್ಲಿಸದವರ ಹೆಸರನ್ನು ಕೆಂಪು ಬಣ್ಣದಲ್ಲಿ ಹಾಕಿ ಎಲ್ಲ ತಂದೆತಾಯಿಯರಿಗೂ ಕಾಣುವಂತೆ ಬಿಡುವ ಚಾಳಿ ಇದೆ. ನನಗೆ ಅದು ಹಿಡಿಸದು. ಆ ಕೆಂಪು ಪಟ್ಟಿ ನೋಡಿ ಬರೆದವರಿಗಿಂತ, ಅದನ್ನು ನೋಡಿ ಗುಂಪನ್ನೇ ಬಿಟ್ಟವರು ಹೆಚ್ಚಿರಬೇಕು.

ಯಳಂದೂರಿಗೆ ಬರುವಷ್ಟರಲ್ಲಿ ಬಿಸಿಲು ಇಳಿಮುಖ. ಸುವರ್ಣಾವತಿಯ ಹಸಿರು, ಗದ್ದೆಯ ಬದುವಿನಲ್ಲಿ ಬೆಳ್ಳಕ್ಕಿ, ಆಲೆಮನೆಯ ಕಡೆಯಿಂದ ಬರುವ ಕಾಯಿಸಿದ ಕಬ್ಬಿನ ಹಾಲಿನ ಸಿಹಿ ಘಮ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಊರು. ಅವರ ಮನೆತನದ ಬಂಗಲೆ, ಗೌರೀಶ್ವರ ಗುಡಿಯ ಬಳೆಮಂಟಪದ ಕಲ್ಲಿನ ಸರಪಳಿ ನೋಡಲು ಇಂದಿಗೂ ಜನ ಬರುತ್ತಾರೆ. ಪೂರ್ವಕ್ಕೂ ದಕ್ಷಿಣಕ್ಕೂ ಕಣ್ಣು ಹಾಯಿಸಿದರೆ ಬಿಳಿಗಿರಿರಂಗನ ಬೆಟ್ಟ. ಅಲ್ಲಿಯ ಪೋಡುಗಳೆಂಬ ಹಾಡಿಗಳ ಸೋಲಿಗ ಮಕ್ಕಳಿಗೆಂದು ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಿಂದ ಓದಿ ಕೆಳಗಿಳಿದು ಬಂದ ಹುಡುಗರು ಈಗ ಪದವಿ ತರಗತಿಗಳಲ್ಲೂ ಕೂತಿರುತ್ತಾರೆ.

ಇಲ್ಲಿ ನಮಗೆ ಸಿಗುವವರು ಕಂಪ್ಯೂಟರಿನ ಹುಚ್ಚಿರುವ ಒಬ್ಬ ಅಧ್ಯಾಪಕರು. ಹಳೆಯ ಕಂಪ್ಯೂಟರೊಂದಕ್ಕೆ ಮೂಡಲ್ ಎಂಬ ತಂತ್ರಾಂಶವನ್ನು ಹಾಕಿ, ತಮ್ಮ ವಿಷಯಕ್ಕೆ ಬೇಕಾದಂತೆ ತಿದ್ದಿಕೊಂಡಿದ್ದಾರೆ. ಬಿಟ್ಟಿ ಸಿಗುತ್ತದೆ, ಒಳಗೆ ಕೈಯಾಡಿಸಲೂ ಬಿಡುತ್ತದೆ ಎಂಬುದು ಅವರ ಪ್ರೀತಿಗೆ ಒಂದು ಕಾರಣ. ಇನ್ನೊಂದು ಕಾರಣವನ್ನು ಅವರು ಕತೆಯಾಗಿ ಹೇಳುತ್ತಾರೆ. ಇದನ್ನು ಕಟ್ಟಿದ ಮಾರ್ಟಿನ್ ಡೂಜಿಯಮಾಸ್ ಬೆಳೆದದ್ದು ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ಒಂದು ದೂರದ ನೆಲೆಯಲ್ಲಿ. ಹತ್ತಿರದಲ್ಲಿ ಶಾಲೆಯಿಲ್ಲ, ಶಾರ್ಟ್‌ವೇವ್ ರೇಡಿಯೊದಲ್ಲಿ ಪಾಠ, ವಿಮಾನದಲ್ಲಿ ಬರುವ ಅಂಚೆಯಲ್ಲಿ ಮನೆಗೆಲಸ. ಹಾಗೆ ಓದಿದ ಹುಡುಗ ದೊಡ್ಡವನಾಗಿ 2002ರ ಆಗಸ್ಟ್‌ನಲ್ಲಿ ಮೂಡಲಿನ ಮೊದಲ ಆವೃತ್ತಿ ಬಿಟ್ಟ. “ನಮ್ಮ ಪೋಡಿನ ಹುಡುಗರ ತರವೇ ಕಣ್ರಿ” ಎನ್ನುತ್ತಾರೆ ಇವರು.

ಬೆಟ್ಟದ ಮೇಲಿನ ಹುಡುಗನೊಬ್ಬ ಸಿಗ್ನಲ್ ಇಲ್ಲದ ಮನೆಯಲ್ಲಿ ಕೂತು ಫೋನಿನ ಮೂಡಲ್ ಆ್ಯಪಿನಲ್ಲೇ ಉತ್ತರ ಬರೆದಿಡಬಹುದು. ಯಳಂದೂರಿಗೆ ಬಸ್ಸು ಇಳಿದಾಗ ಅದು ತಾನೇ ಹೊರಟು ಸರ್ವರ್ ತಲುಪುತ್ತದೆ. ಆದರೆ ಸರ್ವರ್ ಬರೆದುಕೊಳ್ಳುವುದು ತಲುಪಿದ ಗಂಟೆಯನ್ನು. ಭಾನುವಾರ ಬರೆದ ಉತ್ತರ ಮಂಗಳವಾರದ್ದಾಗುತ್ತದೆ, ‘ಇಷ್ಟು ದಿನ, ಇಷ್ಟು ಗಂಟೆ ತಡ’ ಎಂಬ ಷರಾ ಬೀಳುತ್ತದೆ. ಇದಕ್ಕೆ ಅಧ್ಯಾಪಕರು ಕಂಡುಕೊಂಡ ಉಪಾಯ ಸರಳವಾದದ್ದು. ಮೂಡಲಿನಲ್ಲಿ ಗಡುವಿನ ದಿನ ಬೇರೆ, ಬಾಗಿಲು ಮುಚ್ಚುವ ದಿನ ಬೇರೆ. ಎರಡರ ನಡುವೆ ನಾಲ್ಕು ದಿನ ಬಿಟ್ಟು, ಆ ನಾಲ್ಕು ದಿನಕ್ಕೆ ಅಂಕ ಕಳೆಯುವುದಿಲ್ಲ. ಅದಕ್ಕೂ ಆಗದವರಿಗೆ ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ ದಿನ ಮುಂದೂಡುವ ಅವಕಾಶವಿದೆ. ಅದನ್ನು ಧಾರಾಳವಾಗಿ ಬಳಸುತ್ತಾರೆ. ಗಡುವನ್ನು ರಾತ್ರಿ ಹನ್ನೆರಡಕ್ಕೆ ಇಡುವುದನ್ನಂತೂ ಬಿಟ್ಟೇಬಿಟ್ಟಿದ್ದಾರೆ. ಬೆಳಗ್ಗೆ ಹನ್ನೊಂದು, ಅಂದರೆ ಕೊನೆಯ ಬಸ್ಸು ಬಂದು ಒಂದು ತರಗತಿ ಮುಗಿದ ಮೇಲೆ. ಅಷ್ಟಕ್ಕೇ ತಡದ ಷರಾಗಳು ಎಷ್ಟೋ ಕಡಿಮೆಯಾದವಂತೆ. ಗಡಿಯಾರ ಸರಿ ಇತ್ತು, ಬಸ್ಸಿನ ವೇಳಾಪಟ್ಟಿಗೆ ಹೊಂದುತ್ತಿರಲಿಲ್ಲ ಅಷ್ಟೆ.

ಲಾಗ್ ಎಂಬ ಪುಟವನ್ನೂ ತೋರಿಸಿದರು. ಯಾರು ಎಷ್ಟು ಗಂಟೆಗೆ ಒಳಗೆ ಬಂದರು, ಯಾವ ಪಾಠ ತೆರೆದರು, ಎಲ್ಲ ಸಾಲುಸಾಲಾಗಿ. ಒಬ್ಬಳು ದಿನವೂ ಬೆಳಗಿನ ಜಾವ ನಾಲ್ಕೂಕಾಲಿಗೆ ಬಂದಿದ್ದಾಳೆ. ಯಾಕೆ ಎಂದು ಕೇಳಿದ್ದೀರಾ ಅಂದೆ. ಕೇಳಿಲ್ಲವಂತೆ. “ಅವಳು ಹೇಳಿದರೆ ಕೇಳಿಸಿಕೊಳ್ತೀನಿ. ರಾತ್ರಿ ಎಷ್ಟೊತ್ತಿಗೆ ಎದ್ದಿದ್ದೆ ಅಂತ ನಾನಾಗಿ ಕೇಳೋದು ಸರಿಯಲ್ಲ.” ಈ ಪುಟವನ್ನು ಅವರು ತೆರೆಯುವುದು ಎರಡು ಅಸೈನ್‌ಮೆಂಟು ಬೆನ್ನುಬೆನ್ನಿಗೆ ತಪ್ಪಿದವರಿಗೆ ಮಾತ್ರ. ಒಂದು ತಪ್ಪಿದರೆ ಜಾತ್ರೆ, ಜ್ವರ, ರೀಚಾರ್ಜು ಏನೋ ಒಂದು ಇರುತ್ತದೆ. ಎರಡು ತಪ್ಪಿ, ನಡುವೆ ಒಮ್ಮೆಯೂ ಒಳಗೆ ಬಂದಿಲ್ಲವೆಂದರೆ ಆ ಹುಡುಗ ಕಾಲೇಜನ್ನೇ ಬಿಡುವ ಹಾದಿಯಲ್ಲಿರಬಹುದು. ಒಳಗೆ ಬಂದು ಪಾಠ ನೋಡಿಯೂ ಕೊಟ್ಟ ಕೆಲಸ ಮುಟ್ಟದವನಿಗೆ ಪಾಠ ಅರ್ಥವಾಗಿಲ್ಲ. ಮೊದಲನೆಯವನ ಮನೆಗೆ ಫೋನು, ಎರಡನೆಯವನನ್ನು ಶನಿವಾರ ಮಧ್ಯಾಹ್ನ ಕೂರಿಸಿಕೊಂಡು ಮತ್ತೆ ಪಾಠ. ಇಡೀ ತರಗತಿಯನ್ನು ಕಾಯುವಷ್ಟು ಕಣ್ಣು ಯಾರಿಗೂ ಇಲ್ಲ. ಹೀಗೆ ಸೋಸಿದರೆ ವಾರಕ್ಕೆ ನಾಲ್ಕೈದು ಹೆಸರು ಉಳಿಯುತ್ತವೆ, ಅಷ್ಟು ಮಂದಿಯನ್ನು ವಿಚಾರಿಸಿಕೊಳ್ಳಬಹುದು.

ಶುಕ್ರವಾರ ನಾಲ್ಕರಿಂದ ಐದು ಅವರ ಫೋನಿನ ಹೊತ್ತು. ಜವಾನರು ಕಿಟಕಿ ಮುಚ್ಚುತ್ತ ಬರುತ್ತಿದ್ದಾರೆ, ಹೊರಗೆ ವಾಲಿಬಾಲ್ ಆಡುವವರ ಕೂಗು. ಅಧ್ಯಾಪಕರು ಕನ್ನಡಕ ಹಣೆಗೇರಿಸಿ ಮೊದಲ ನಂಬರು ಒತ್ತುತ್ತಾರೆ. ಆ ಕಡೆ ಹೆಂಗಸಿನ ದನಿ, ಹಿಂದೆ ಆಡಿನ ಅರಚು.

“ನಮಸ್ಕಾರ ತಾಯಿ, ಕಾಲೇಜಿನಿಂದ. ಹುಡುಗ ಎರಡು ಸಲ ಬರೆದು ಕಳಿಸಿಲ್ಲ, ಹುಷಾರಾಗಿದ್ದಾನಾ?”

“ಬರ್ದವ್ನ ಕನಾ ಸಾ, ಪುಸ್ತಕದಲ್ಲೇ ಅದ. ಆ ಫೋನ್ಗ ಹಾಕಕ್ಕ ಕರೆನ್ಸಿ ಇಲ್ಲ. ಅವ್ರಪ್ಪ ಗೂಡು ತಕ್ಕೊಂಡು ರಾಮನಗರಕ್ಕ ಹೋಗವ್ರ, ಬಂದ್ಮೇಲ ಹಾಕುಸ್ತರ.”

“ಹಾಗಾದ್ರೆ ಸೋಮವಾರ ಪುಸ್ತಕವನ್ನೇ ಕೊಟ್ಟು ಕಳಿಸಿ. ನಾನು ಇಲ್ಲೇ ಫೋಟೊ ತೆಗೆದು ಹಾಕ್ಕೋತೀನಿ.”

“ಆಯ್ತು ಸಾ. ಮಾರ್ಕ್ಸು ಹೋಯ್ತದ?”

“ಇಲ್ಲ ತಾಯಿ, ಹೋಗಲ್ಲ” ಎಂದು, ಫೋನನ್ನು ಭುಜ ಕಿವಿಯ ನಡುವೆ ಸಿಕ್ಕಿಸಿಕೊಂಡೇ, ಹುಡುಗನ ಹೆಸರಿನ ಮುಂದೆ ಸೋಮವಾರದವರೆಗೆ ದಿನ ಮುಂದೂಡಿದರು. ಗೂಡಿನ ರೇಟು ಈ ಸಲ ಹೇಗಿದೆ ಎಂದೂ ಕೇಳಿದರು. ಆ ಮಾತು ಅಸೈನ್‌ಮೆಂಟಿನ ಮಾತಿಗಿಂತ ಉದ್ದವಾಯಿತು. ಪಟ್ಟಿಯಲ್ಲಿ ಇನ್ನೂ ಮೂರು ನಂಬರು ಬಾಕಿ ಇದ್ದವು.